ಟೈಪಿಂಗ್ ಸರ್ ಸ್ವಿಚ್ ಆರಿಸಿದ ದಿನ

ಹೋದ ವಾರ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ಕಂಪ್ಯೂಟರಿನ ಪರದೆ ಕಪ್ಪಗಾಗಿತ್ತು. ಆ ಕಪ್ಪಿನ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು, ಯಾರೋ ಕಾಣದವರು ಕೂತು ಟೈಪ್ ಮಾಡುತ್ತಿರುವ ಹಾಗೆ. ಒಂದು ಸಾಲು ತುಂಬಿದಾಗಲೆಲ್ಲ ಪರದೆ ಸಣ್ಣಗೆ ನಡುಗುತ್ತಿತ್ತು.

"ಹಳೇ ಕಾಲದ ಕಂಪ್ಯೂಟರ್ ಹಿಂಗ ಇರ್ತಿದ್ವಂತ್ರೀ ಮೇಡಂ. ಥೇಟ್ ಅದರಂಗ ಮಾಡ್ಯಾರ. ಸ್ಕ್ರೀನ್ ಸೇವರ್ ರೀ. ಛಲೋ ಐತಿಲ್ರಿ?" ಅಂದಳು ಹುಡುಗಿ.

ನಾನು ಕೈ ಚಾಚಿ ಒಂದು ಕೀ ಒತ್ತಿಬಿಟ್ಟೆ. ಹಸಿರು ಅಕ್ಷರವೆಲ್ಲ ಮಾಯವಾಗಿ, ಆಕೆ ಅರ್ಧಕ್ಕೆ ಬಿಟ್ಟುಹೋಗಿದ್ದ ಪತ್ರ ಇದ್ದ ಹಾಗೇ ಎದುರಿಗೆ ಬಂತು. ಇಷ್ಟೇ ಕೆಲಸ, ನೋಡಿ. ಇಷ್ಟೇ ಕೆಲಸವನ್ನು ಒಬ್ಬ ಮನುಷ್ಯನಿಗೆ ಹೇಳಿಕೊಡದೆ ನಾನು ಅವರ ಬಾಳು ಹಾಳು ಮಾಡಿದೆ...

ಅವರನ್ನು ಕುಷ್ಟಗಿಯಲ್ಲಿ ಎಲ್ಲರೂ ಟೈಪಿಂಗ್ ಸರ್ ಅಂತಲೇ ಕರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆ, ಅದರಲ್ಲಿ ಆರು ಟೈಪ್‌ರೈಟರ್. ಬೆಳಿಗ್ಗೆ ಏಳಕ್ಕೆಲ್ಲ ಟಕಟಕ ಶುರುವಾದರೆ ಪಕ್ಕದ ಚಹಾದ ಅಂಗಡಿಯವನಿಗೆ ಗಿರಾಕಿಯ ಮಾತೇ ಕೇಳುತ್ತಿರಲಿಲ್ಲ. ನಾವು ಕೀಗಳನ್ನು ನೋಡಬಾರದೆಂದು ಸರ್ ನಮ್ಮ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು. ಯಾರಾದರೂ ಕದ್ದು ನೋಡಿದರೆ, "ಬೆರಳಿಗೇನು ಕಣ್ಣಿಲ್ಲೇನು ನಿಂಗ?" ಅಂತ ಗದರುತ್ತಿದ್ದರು. ಗದರಿದ ಮರುಕ್ಷಣ ತಾವೇ ನಗುತ್ತಿದ್ದರು. ಸಿಟ್ಟನ್ನು ಒಂದು ನಿಮಿಷ ಹಿಡಿದಿಡುವುದಕ್ಕೂ ಬರುತ್ತಿರಲಿಲ್ಲ ಆ ಮನುಷ್ಯನಿಗೆ.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಆಫೀಸು, ಹೊಸ ಬೋರ್ಡು, ಎಲ್ಲ ಕಡೆ ಕಂಪ್ಯೂಟರಿನದೇ ಮಾತು. ಸರ್ ಕೋಣೆಗೆ ಬರುವವರು ಕಡಿಮೆಯಾಗತೊಡಗಿದರು. ಆರರಲ್ಲಿ ನಾಲ್ಕು ಮಷೀನು ಬಟ್ಟೆ ಹೊದ್ದುಕೊಂಡು ಸುಮ್ಮನೆ ಕೂತವು. ಆಗ ಸರ್ ನನ್ನನ್ನು ಕರೆದು, "ತಂಗಿ, ನನ್ನ ಕಡೆ ಕಲಿಯೂದು ಮುಗೀತು. ನೀ ಇನ್ನ ಕಂಪ್ಯೂಟರ್ ಕಲಿ" ಅಂದರು. ಅಷ್ಟಕ್ಕೇ ಬಿಡಲಿಲ್ಲ. ನನ್ನ ಅಪ್ಪನನ್ನು ಒಪ್ಪಿಸಿ, ಬಸ್ಸಿನಲ್ಲಿ ಕೊಪ್ಪಳಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಹೊಸ ತರಬೇತಿ ಕೇಂದ್ರಕ್ಕೆ ನನ್ನ ಹೆಸರು ಹಚ್ಚಿ ಬಂದರು. ತಾವು ಮಾತ್ರ ಅಲ್ಲಿ ಸೇರಲಿಲ್ಲ. ತಮ್ಮ ಶಿಷ್ಯರ ಪಕ್ಕ ಬೆಂಚಿನ ಮೇಲೆ ಕೂರಲು ನಾಚಿಕೆಯೋ ಏನೋ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಅವರ ಗೆಳೆಯನೊಬ್ಬ ಗುಮಾಸ್ತನಾಗಿದ್ದ. ಅಲ್ಲೊಂದು ಹಳೇ ಕಂಪ್ಯೂಟರ್ ಇತ್ತು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ್ದು. ಭಾನುವಾರ ಭಾನುವಾರ ಹೋಗಿ ಅದರ ಮೇಲೆ ಕೈ ಕುದುರಿಸಿಕೊಂಡರು. ಅದು ಆಗಾಗ ಕೆಟ್ಟು ಹಸಿರು ಅಕ್ಷರಗಳನ್ನು ತನ್ನಷ್ಟಕ್ಕೆ ಸುರಿಸುತ್ತಿತ್ತಂತೆ. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಸರಿ. ಇದನ್ನು ಅವರೇ ನಮಗೆ ಖುಷಿಯಿಂದ ಹೇಳುತ್ತಿದ್ದರು.

ಅದೇ ಹೊತ್ತಿಗೆ ಕೊಪ್ಪಳದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಕರೆದರು. ಇದ್ದದ್ದು ಒಂದೇ ಹುದ್ದೆ. ಪರೀಕ್ಷೆ ಕಂಪ್ಯೂಟರಿನ ಮೇಲೆ. ಸರ್ ಅವರ ವಯಸ್ಸಿಗೆ ಅದೇ ಕೊನೆಯ ಸಲ. ಮನೆಯಲ್ಲಿ ಹೆಂಡತಿ, ಓದುವ ಇಬ್ಬರು ಹೆಣ್ಣುಮಕ್ಕಳು, ಕೋಣೆಯಲ್ಲಿ ಬಟ್ಟೆ ಹೊದ್ದ ಮಷೀನುಗಳು. ಇತ್ತ ನನಗೂ ಕುತ್ತಿಗೆಗೆ ಬಂದಿತ್ತು. ಈ ಸಲ ನೌಕರಿ ಸಿಗದಿದ್ದರೆ ಬೇವೂರಿನ ಸಂಬಂಧ ಗಟ್ಟಿ ಎಂದು ಅಪ್ಪ ಹೇಳಿಬಿಟ್ಟಿದ್ದ. ಹುಡುಗ ಹೆಂಗಸರ ಮೇಲೆ ಕೈ ಮಾಡುವವನೆಂದು ಊರಿಗೇ ಗೊತ್ತಿತ್ತು, ನಮ್ಮ ಅಪ್ಪನೊಬ್ಬನನ್ನು ಬಿಟ್ಟು.

ಪರೀಕ್ಷೆಯ ದಿನ ಸರ್ ಮತ್ತು ನಾನು ಒಂದೇ ಬಸ್ಸಿಗೆ ಹೋದೆವು. ಹಾಲಿನಲ್ಲಿ ಪಕ್ಕಪಕ್ಕದ ಕುರ್ಚಿಯೇ ಸಿಕ್ಕಿತು. ಒಂದು ಉದ್ದ ಪತ್ರ, ಅದರ ಕೆಳಗೆ ಕಾಲಮ್ಮು ಕಾಲಮ್ಮಾಗಿ ಅಂಕಿಸಂಖ್ಯೆ ತುಂಬಿದ ಒಂದು ತಖ್ತೆ ಕೊಟ್ಟಿದ್ದರು. ಸರ್ ಬೆರಳು ಓಡಿದ್ದನ್ನು ಏನು ಹೇಳಲಿ... ಉಳಿದವರೆಲ್ಲ ಎರಡನೇ ಪ್ಯಾರಾದಲ್ಲಿದ್ದಾಗ ಅವರದು ಪತ್ರವೇ ಮುಗಿದಿತ್ತು. ಆಮೇಲೆ ಅವರು ಕೀಬೋರ್ಡ್ ಬಿಟ್ಟು ಪೆನ್ಸಿಲ್ ಹಿಡಿದರು. ತಖ್ತೆ ಟೈಪ್ ಮಾಡುವ ಮೊದಲು ಒಂದೊಂದು ಕಾಲಮ್ಮಿನ ಅಕ್ಷರ ಎಣಿಸಿ, ಎಡಕ್ಕೆಷ್ಟು ಜಾಗ ಬಲಕ್ಕೆಷ್ಟು ಜಾಗ ಎಂದು ಲೆಕ್ಕ ಹಾಕಿಕೊಳ್ಳುವುದು ಟೈಪ್‌ರೈಟರಿನವರ ಪದ್ಧತಿ. ನಮಗೂ ಅವರು ಹಾಗೇ ಕಲಿಸಿದ್ದರು. ಕಂಪ್ಯೂಟರಿಗೆ ಅದರ ಗರಜೇ ಇಲ್ಲವೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಹೊಡೆದ ಪತ್ರವನ್ನು ಸೇವ್ ಕೂಡ ಮಾಡಿರಲಿಲ್ಲ. ಮಷೀನಿನಲ್ಲಿ ಹೊಡೆದದ್ದು ಕಾಗದದ ಮೇಲೆ ಇದ್ದೇ ಇರುತ್ತದಲ್ಲ, ಆ ನಂಬಿಕೆ.

ಅವರು ತಲೆ ತಗ್ಗಿಸಿ ಎಣಿಸುತ್ತಿದ್ದಾಗ ಎದುರಿನ ಪರದೆ ಕಪ್ಪಗಾಯಿತು. ಅದರ ಮೇಲೆ ಹಸಿರು ಅಕ್ಷರಗಳು ಓಡತೊಡಗಿದವು. ಆ ಆಫೀಸಿನ ಯಾರೋ ಶೋಕಿಗೆ ಹಾಕಿಟ್ಟಿದ್ದ ಸ್ಕ್ರೀನ್ ಸೇವರ್ ಅದು.

ಸರ್ ತಲೆ ಎತ್ತಿದರು. ಅವರ ಮುಖದ ಬಣ್ಣವೇ ಹೋಯಿತು. ನನ್ನ ಕಡೆ ತಿರುಗಿ, ಉಸಿರಿನಲ್ಲೇ, "ತಂಗಿ, ಇದ್ಯಾಕ ಹಿಂಗಾತು?" ಅಂದರು.

ಒಂದು ಕೀ ಒತ್ತ್ರಿ ಸರ್. ನಾಲ್ಕೇ ಶಬ್ದ. ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಆದರೆ ಅವರ ಪತ್ರ ನನ್ನದಕ್ಕಿಂತ ಮೊದಲು ಮುಗಿದಿತ್ತು, ಇದ್ದದ್ದು ಒಂದೇ ಹುದ್ದೆ... ನಾನು ಕಣ್ಣು ತಗ್ಗಿಸಿ ನನ್ನ ಕೀಬೋರ್ಡ್ ನೋಡಿದೆ. ಟವೆಲ್ ಹೊದಿಸಿ ನೋಡಬೇಡವೆಂದು ಕಲಿಸಿದವರ ಮುಂದೆಯೇ.

ಅವರು ಎರಡು ಕ್ಷಣ ಕಾದರು. ಆಮೇಲೆ ಗಿರಣಿಯಲ್ಲಿ ಮಾಡುತ್ತಿದ್ದಂತೆ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಈ ಸಲ ಪರದೆ ನೀಲಿಯಾಗಿ, ಏನೇನೋ ಇಂಗ್ಲಿಷ್ ಸಾಲು ಬಂತು; ಹೊಡೆದ ಪತ್ರ ಹೋಗಿತ್ತು. ಮೇಲ್ವಿಚಾರಕ ಓಡಿ ಬಂದು, "ಏನ್ರಿ ಇದು, ಹೊಸಾ ಮಷೀನ್ ಕೆಡಿಸಿ ಇಟ್ರಲ್ರಿ!" ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದ. ಸರ್ ಕೈ ಮುಗಿದರು. ಕೈ ಮುಗಿದುಕೊಂಡೇ ಎದ್ದು ಹೊರಗೆ ಹೋದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾಯುತ್ತಿದ್ದರು. ಹೆಣ್ಣುಹುಡುಗಿ, ಒಬ್ಬಳೇ ಹೋಗಬಾರದೆಂದು. "ನಿಂದು ಛಲೋ ಆತಿಲ್ಲ ತಂಗಿ?" ಎಂದು ಕೇಳಿದರು. ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ವಾಪಸ್ ಹೋಗಿ ಮತ್ತೊಂದು ಅವಕಾಶ ಕೇಳುತ್ತಿದ್ದರು, ಕೊಡುತ್ತಲೂ ಇದ್ದರೇನೋ. ಅದೇ ಹೆದರಿಕೆಗೆ ನಾನು ಕುಷ್ಟಗಿ ಬರುವತನಕ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿ ಕೂತಿದ್ದೆ.

ನೌಕರಿ ನನಗೆ ಸಿಕ್ಕಿತು. ಬೇವೂರಿನ ಸಂಬಂಧ ತಪ್ಪಿತು. ಸುದ್ದಿ ಕೇಳಿ ಪೇಡೆ ಹಿಡಿದುಕೊಂಡು ಮೊದಲು ಮನೆಗೆ ಬಂದವರು ಸರ್. ಆ ಪೇಡೆಯನ್ನು ನಾನು ತಿಂದೆ ಕೂಡ. ಆಮೇಲೆ ಅವರ ಕೋಣೆ ಮುಚ್ಚಿತು. ಐದು ಮಷೀನು ಮಾರಿ, ಉಳಿದೊಂದನ್ನು ಇಟ್ಟುಕೊಂಡು ತಹಶೀಲ್ದಾರ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಜನರ ಅರ್ಜಿ ಹೊಡೆಯುತ್ತಿದ್ದರು. ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ಕಂಡಿದ್ದಾರೆ. ಪ್ರತಿ ಸಲವೂ ನಾನು ಮುಖ ಆಚೆ ತಿರುಗಿಸಿದ್ದೇನೆ. ಹೀಗೇ ವರ್ಷಗಳು ಹೋದವು...

ಹೋದ ವಾರ ಆಫೀಸಿನ ಹುಡುಗಿಯ ಪರದೆ ನೋಡಿದ ಮೇಲೆ ಮೂರು ದಿನ ಅನ್ನ ಸೇರಲಿಲ್ಲ. ಭಾನುವಾರ ಕುಷ್ಟಗಿ ಬಸ್ ಹತ್ತಿದೆ. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುವುದು, ಉಗುಳಿದರೆ ಉಗುಳಲಿ, ಅಂತ ಗಟ್ಟಿ ಮಾಡಿಕೊಂಡೇ ಹೋದೆ. ಮನೆಯ ಪಡಸಾಲೆಯಲ್ಲಿ ಸರ್ ಫೋಟೋಕ್ಕೆ ಹಾರ ಹಾಕಿತ್ತು. ಹೋಗಿ ಮೂರು ವರ್ಷವಾಯಿತಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನಾದರೂ ಯಾರನ್ನು ಕೇಳಿದ್ದೆ?

ಅವರ ಹೆಂಡತಿ ಗುರುತು ಹಿಡಿದು ಕೈ ಹಿಡಿದುಕೊಂಡರು. ಚಹಾ ಕೊಟ್ಟರು. "ನಿನ್ನ ಸುದ್ದಿ ಭಾಳ ತಗೀತಿದ್ರವ್ವಾ. ನೌಕರಿ ಹೊರಗಿನವರಿಗೇನು ಹೋಗಿಲ್ಲ, ನನ್ನ ಹುಡುಗಿಗೇ ಸಿಕ್ಕೈತಿ ಅಂತಿದ್ರು" ಅಂದರು. ಖಾಲಿ ಕಪ್ಪು ತೆಗೆದಿಟ್ಟು, "ಒಂದು ಮಾತು ಕೇಳ್ಲೇನು? ನಿನಗ ಗೊತ್ತಿರ್ತೈತಿ. ಆವತ್ತು ಇವರು ಕೆಡಿಸಿದ್ರಲ್ಲ ಆ ಮಷೀನು, ಅದು ಆಮ್ಯಾಲ ರಿಪೇರಿ ಆತೇನು? ಕಡೀತನಕ ಅದೇ ಚಿಂತಿ ಅವರಿಗೆ. ಮಂದಿ ಮಷೀನ್ ಹಾಳು ಮಾಡಿ ಬಂದ್ನಲ್ಲ ಅಂತ" ಅಂದರು.

ಅದು ಕೆಟ್ಟೇ ಇರಲಿಲ್ಲ; ಹಾಗೆ ತಟ್ಟನೆ ಆರಿಸಿದರೆ ನೀಲಿ ಪರದೆಯಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮತ್ತೆ ಶುರುವಾಗುತ್ತಿತ್ತು, ಅಷ್ಟೇ. ನಾನು ನೌಕರಿಗೆ ಸೇರಿದ ಮೇಲೆ ಅದೇ ಮಷೀನಿನ ಮುಂದೆ ಆರು ವರ್ಷ ಕೂತಿದ್ದೆ. ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ರೀ ಅಮ್ಮಾ... ರಿಪೇರಿ ಆತು" ಅಂದೆ.

"ಛಲೋ ಆತು ಬಿಡವ್ವಾ" ಎಂದು ನಿಟ್ಟುಸಿರುಬಿಟ್ಟು, ಅವರು ಫೋಟೋದ ಕಡೆ ತಿರುಗಿದರು. "ಕೇಳಿದ್ರಿಲ್ರಿ? ರಿಪೇರಿ ಆಗೇತಂತ."