ಅಂದಾನಪ್ಪ ದಾಟಿಸದೆ ಬಿಟ್ಟ ಮಾತು

ಐಹೊಳೆಯಲ್ಲಿ ಗೈಡ್ ಅಂದಾನಪ್ಪನನ್ನು ಅರಿಯದವರಿಲ್ಲ. ಮೂವತ್ತೊಂದು ವರ್ಷದಿಂದ ಅವೇ ಗುಡಿಗಳು, ಅವೇ ಮಾತುಗಳು, ಕೈಯಲ್ಲಿ ಅದೇ ಕರಿ ಛತ್ರಿ. ಇಂಗ್ಲಿಷನ್ನು ಅವನು ಶಾಲೆಯಲ್ಲಿ ಕಲಿತದ್ದಕ್ಕಿಂತ ಪ್ರವಾಸಿಗರ ಬಾಯಿಂದ ಹೆಕ್ಕಿಕೊಂಡದ್ದೇ ಹೆಚ್ಚು. ಅವನ ಕೆಲಸದಲ್ಲೊಂದು ಹಿಕಮತ್ತಿತ್ತು. ಮೂಗು ಮುರಿದ, ಕೈ ಹೋದ ವಿಗ್ರಹದ ಹತ್ತಿರ ಬಂದಾಗ ಜನರನ್ನು ಛತ್ರಿಯ ತುದಿಯಿಂದ ಮೆಲ್ಲಗೆ ಎಡಕ್ಕೆ ಸರಿಸಿ ನಿಲ್ಲಿಸುತ್ತಿದ್ದ. ಅಲ್ಲಿಂದ ನೋಡಿದರೆ ಮುರುಕು ಕಾಣುವುದಿಲ್ಲ. ಮನೆಗೆ ಬಂದವರ ಮುಂದೆ ಹರಕು ಚಾಪೆ ಹಾಸಬಾರದು ಎನ್ನುವುದು ಅವನ ಧರ್ಮ. ಕೊನೆಯಲ್ಲಿ ಕೂಡಲಸಂಗಮದ ದಿಕ್ಕಿಗೆ ಕೈ ಮುಗಿದು, ಇದು ಬಸವಣ್ಣನ ನಾಡು, ಎಂಟುನೂರು ವರ್ಷದ ಹಿಂದೆಯೇ ಇಲ್ಲಿ ಮೇಲುಕೀಳು ಅಳಿಸಿಹೋಯಿತು ಎಂದು ಹೇಳಿ ಮುಗಿಸುತ್ತಿದ್ದ. ಕೆಲವರು ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಅವನೂ ಅದನ್ನು ನಂಬಿದ್ದ.

ಎರಡು ವರ್ಷದ ಹಿಂದೆ ಬಾದಾಮಿಯಿಂದ ಒಂದು ಜೀಪು ಬಂತು. ಅದರಲ್ಲಿದ್ದವಳು ಥಾಂಡೆಕಾ, ದಕ್ಷಿಣ ಆಫ್ರಿಕಾದ ಹೆಣ್ಣುಮಗಳು. ಗುಡಿ ನೋಡಲು ಬಂದವಳಲ್ಲ. ಜನಾಂಗದ ಹೆಸರಿನಲ್ಲಿ ನಡೆಯುವ ಭೇದವನ್ನು ತೊಡೆದುಹಾಕುತ್ತೇವೆಂದು ಜಗತ್ತಿನ ದೇಶಗಳು ಒಪ್ಪಂದ ಮಾಡಿಕೊಂಡಿವೆಯಷ್ಟೆ. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ವಿಚಾರಿಸಲು ಜಿನೀವಾದಲ್ಲಿ ಒಂದು ಸಮಿತಿ ಇದೆ. ಜಾತಿ ಬೇರೆ, ಜನಾಂಗ ಬೇರೆ ಎಂದು ನಮ್ಮ ಸರ್ಕಾರ. ಹುಟ್ಟಿನ ಕಾರಣಕ್ಕೆ ಮಾಡುವ ಭೇದವೂ ಇದರೊಳಗೇ ಬಂತು ಎಂದು ಆ ಸಮಿತಿ. ಈ ಜಗ್ಗಾಟ ಹಳೆಯದು. ಥಾಂಡೆಕಾ ಕೆಲಸ ಮಾಡುವ ಸಂಸ್ಥೆ ಆ ಸಮಿತಿಯ ಮುಂದಿಡಲು ಜಾತಿಭೇದದ ಬಗ್ಗೆ ಹಳ್ಳಿಹಳ್ಳಿಯ ಜನರ ಹೇಳಿಕೆ ಬರೆದುಕೊಳ್ಳುತ್ತಿತ್ತು. ಬಾಗಲಕೋಟೆಯಿಂದ ಬರಬೇಕಾಗಿದ್ದ ದುಭಾಷಿ ಜ್ವರ ಬಂದು ಮಲಗಿದ್ದರಿಂದ ಅಂದಾನಪ್ಪನಿಗೆ ಬುಲಾವ್ ಬಂತು. ಹಳ್ಳಿಗಳ ಪಟ್ಟಿಯಲ್ಲಿ ಐಹೊಳೆಯ ಪಕ್ಕದ ತನ್ನ ಸ್ವಂತ ಊರಿನ ಹೆಸರನ್ನೂ ಕಂಡು ಅವನು ಆ ಸಾಲನ್ನು ಇನ್ನೊಮ್ಮೆ ಓದಿದ.

ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಥಾಂಡೆಕಾ ತನ್ನ ತಾಯಿಯ ಕಥೆ ಹೇಳಿದಳು. ತುಂಬು ಬಸುರಿಯಾಗಿದ್ದ ಆ ತಾಯಿ ಒಂದು ದಿನ ನಡೆದು ಸುಸ್ತಾಗಿ ಬಿಳಿಯರಿಗೆ ಮೀಸಲಾದ ಬೆಂಚಿನ ಮೇಲೆ ಕೂತಿದ್ದಳಂತೆ. ತೋಳು ಹಿಡಿದು ಎಳೆದು ನೆಲಕ್ಕೆ ಕೂರಿಸಿದರಂತೆ. ಕೇಳುತ್ತ ಅಂದಾನಪ್ಪನ ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ಕರದಂಟಿನ ತುಂಡು ಬಾಯಿಗೆ ಹೋಗಲಿಲ್ಲ. ನಮ್ಮ ಕಡೆ ಇಂಥ ಪಾಪ ಇಲ್ಲ ತಾಯಿ ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ.

ಅಂದಾನಪ್ಪನ ಊರಿನ ದಲಿತ ಕೇರಿಯಲ್ಲಿ ಹೇಳಿಕೆ ಕೊಡಲು ಒಪ್ಪಿದವಳು ದುರಗವ್ವ ಒಬ್ಬಳೇ. ಅವನದೇ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಕಳೆ ತೆಗೆಯುವ ಹೆಂಗಸು. ಧ್ವನಿ ಮುದ್ರಿಸಿಕೊಳ್ಳುವುದು ಮಾತ್ರ ಬೇಡ, ನಾಳೆ ಇದೇ ಊರಲ್ಲಿ ಬಾಳಬೇಕು ಎಂದಳು. ಥಾಂಡೆಕಾ ಯಂತ್ರ ಚೀಲಕ್ಕೆ ಹಾಕಿ ಪೆನ್ನು ತೆಗೆದಳು. ಹೊಸಲಿನ ಮೇಲೆ ಕೂತು ದುರಗವ್ವ ಅರ್ಧ ತಾಸು ಮಾತಾಡಿದಳು.

"ನೀರಿನ ಘಟಕದಾಗ ನಾವು ಬಟನ್ ಮುಟ್ಟಂಗಿಲ್ರಿ. ಕ್ಯಾನ್ ಇಟ್ಟು ಹಿಂದ ಸರದು ನಿಲ್ಲಬೇಕು. ಯಾರರ ಬಂದು ತುಂಬಿ ಕೊಟ್ರ ನೀರು, ಇಲ್ಲಂದ್ರ ಇಲ್ಲ. ನನ್ನ ಮಗಳು ಸುನಂದಾ ಒಂದಿನ ತಾನ ಒತ್ತಿದ್ಲು. ಎಲ್ಲಾರ ಮುಂದ ಆ ನಳಾ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದ್ರು. ಹುಡುಗಿ ನೋಡಕೋತ ನಿಂತಿದ್ಲು. ಮರುದಿನದಿಂದ ಪಾಟಿಚೀಲ ಮುಟ್ಟಲಿಲ್ಲ, ಸಾಲಿಗೆ ಹೋಗಲಿಲ್ಲ. ಈಗ ಇಳಕಲ್ಲಿನ್ಯಾಗ ಮಗ್ಗದವರ ಮನ್ಯಾಗ ನೂಲು ಸುತ್ತತಾಳ."

ಆಮೇಲೆ ಅಂದಾನಪ್ಪನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇವರ ಹಿತ್ತಲ ಗ್ವಾಡಿ ಮ್ಯಾಲ ನನ್ನ ಗ್ಲಾಸ ಬ್ಯಾರೆ ಐತಿ. ಚಾ ಕುಡದು, ನಾನ ತೊಳದು, ಬೋರಲ ಹಾಕಿ ಬರ್ತೇನಿ. ಇವರು ಒಳ್ಳೇರು, ಒಂದಿನ ಬೈದಿಲ್ಲ. ಆದ್ರ ಗ್ಲಾಸ ಬ್ಯಾರೆ ಐತಿ. ಅಣ್ಣಾರ, ಇದನ್ನೂ ಹೇಳ್ರಿ."

ಥಾಂಡೆಕಾಳ ಪೆನ್ನು ಕಾಯುತ್ತಿತ್ತು. ಅಂದಾನಪ್ಪನಿಗೆ ಆ ಬೆಂಚು ನೆನಪಾಯಿತು, ತಾನು ಹಾಕಿದ ಕಣ್ಣೀರು ನೆನಪಾಯಿತು. ಮೂವತ್ತು ವರ್ಷದ ಅಭ್ಯಾಸ ನೋಡಿ, ನಾಲಿಗೆ ತಾನಾಗಿಯೇ ಥಾಂಡೆಕಾಳನ್ನು ಎಡಕ್ಕೆ ಸರಿಸಿ ನಿಲ್ಲಿಸಿತು. ಮೊದಲು ನೀರಿನ ವಿಷಯಕ್ಕೆ ಸಣ್ಣ ತಕರಾರಿತ್ತು, ಹಿರಿಯರು ಕೂತು ಬಗೆಹರಿಸಿದರು, ಈಗ ಎಲ್ಲರೂ ಅಣ್ಣತಮ್ಮಂದಿರಂತೆ ಇದ್ದಾರೆ ಎಂದು ಹೇಳಿಬಿಟ್ಟ. ಗ್ಲಾಸಿನ ಮಾತು ಬಾಯಿಗೆ ಬರಲೇ ಇಲ್ಲ.

ಅಷ್ಟುದ್ದದ ಮಾತು ಇಷ್ಟೇ ಆಯಿತೇ ಎಂದು ಥಾಂಡೆಕಾ ಕೇಳಿದಳು. ಹಳ್ಳಿಯವರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ ಎಂದ.

"ನನ್ನ ಮಾತು ಆ ದೊಡ್ಡ ಸಭಾಕ್ಕ ಮುಟ್ಟತೈತಿಲ್ರಿ, ಅಣ್ಣಾರ?" ಎಂದು ದುರಗವ್ವ ಕೇಳಿದಳು.

"ಮುಟ್ಟತೈತಿ. ಯಾಕ ಮುಟ್ಟೂದಿಲ್ಲ?"

ಮುಂದೆ ಎಂಟು ತಿಂಗಳು ದುರಗವ್ವ ಕಂಡಾಗೆಲ್ಲ ಅದನ್ನೇ ಕೇಳಿದಳು. ಅಂದಾನಪ್ಪ ಹೊಲದ ದಾರಿಯನ್ನೇ ಬದಲಿಸಿದ. ಕೊನೆಗೆ ವರದಿ ಬಂತು. ಹುನಗುಂದದಲ್ಲಿ ಶಿಕ್ಷಕಿಯಾಗಿರುವ ಮಗಳು ಪದ್ಮಶ್ರೀ ಅದನ್ನು ಫೋನಿನಲ್ಲಿ ತೆರೆದು ಓದಿದಳು. ಸುತ್ತಲಿನ ಹಳ್ಳಿಗಳಿಗೆಲ್ಲ ಎರಡೆರಡು ಪುಟ. ಇವರ ಊರಿಗೆ ಒಂದೇ ಸಾಲು: ಹಿಂದೆ ಸಣ್ಣ ತಕರಾರಿತ್ತು, ಹಿರಿಯರು ಬಗೆಹರಿಸಿದ್ದಾರೆ, ಈಗ ದೂರಿಲ್ಲ. ಕೆಳಗೆ ಅಂದಾನಪ್ಪನ ಹೆಸರು ಬರೆದು ಧನ್ಯವಾದ ಹೇಳಿದ್ದರು.

"ಅಪ್ಪಾ, ದುರಗವ್ವ ಖರೇನ ಹಿಂಗಂದ್ಲೇನು?" ಎಂದು ಪದ್ಮಶ್ರೀ ಕೇಳಿದಳು.

ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಸರದಿ ಈಗ ಅವನದು. ಎಲ್ಲವನ್ನೂ ಹೇಳಿ ಅತ್ತ. ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳೇ ಕೂತು ಥಾಂಡೆಕಾಗೆ ಪತ್ರ ಬರೆದಳು. ವಾರದೊಳಗೆ ಉತ್ತರ ಬಂತು. ವರದಿ ಸಮಿತಿಗೆ ಹೋಗಿಯಾಗಿದೆ, ನಿಮ್ಮ ದೇಶದ ವಿಚಾರಣೆಯ ಸರದಿ ಮತ್ತೆ ಬರುವುದು ಎಂದೋ ಗೊತ್ತಿಲ್ಲ. ಆದರೂ ಆ ಹೆಂಗಸು ಇನ್ನೊಮ್ಮೆ ಹೇಳಿದರೆ ಬರೆದಿಟ್ಟುಕೊಳ್ಳುತ್ತೇವೆ, ಅವಳ ಮಾತನ್ನು ಅವಳೇ ಹೇಳಬೇಕು ಎಂದಿತ್ತು.

ಮರುದಿನ ದುರಗವ್ವ ಕೆಲಸಕ್ಕೆ ಬಂದಾಗ ಹಿತ್ತಲ ಗೋಡೆಯ ಮೇಲೆ ಅವಳ ಗ್ಲಾಸಿರಲಿಲ್ಲ. ಅಂದಾನಪ್ಪ ಅವಳನ್ನು ಪಡಸಾಲೆಗೆ ಕರೆದು, ಮನೆಯವರು ಕುಡಿಯುವ ಗ್ಲಾಸಿನಲ್ಲಿ ಚಹಾ ತಂದು ಮುಂದಿಟ್ಟ. ಅಂದು ತಾನು ಮಾಡಿದ್ದನ್ನು ತಲೆ ತಗ್ಗಿಸಿಕೊಂಡು ಹೇಳಿದ. ಇನ್ನೊಮ್ಮೆ ಹೇಳು ತಾಯಿ, ಈ ಸಲ ಪದ್ಮಶ್ರೀ ಬರೆದುಕೊಳ್ಳುತ್ತಾಳೆ ಎಂದು ಕೈ ಮುಗಿದ.

ದುರಗವ್ವ ಮುಂದಿದ್ದ ಗ್ಲಾಸಿನ ಕಡೆ ನೋಡಿದಳು.

"ಅವತ್ತ ಬಾಯಿ ತಗ್ಯಾಕ ನನಗ ಐವತ್ತು ವರ್ಷ ಬೇಕಾತ್ರಿ, ಅಣ್ಣಾರ. ಇನ್ನೊಮ್ಮೆ ಆಗೂದಿಲ್ಲ. ನಿಮ್ಮ ಗ್ಲಾಸ ನೀವ ಇಟಗೋರಿ. ನನ್ನ ಮಾತು ನನಗ ಕೊಡ್ರಿ."

ಚಹಾ ಮುಟ್ಟದೆ ಎದ್ದು ಹೊಲಕ್ಕೆ ಹೋದಳು.

ಅವಳ ಮಾತನ್ನಾದರೂ ನೆನಪಿನಿಂದ ಬರೆದು ಅವಳ ಕೈಗೆ ಕೊಡೋಣವೆಂದು ಅಂದಾನಪ್ಪ ನೋಟ್‌ಬುಕ್ಕು ಹಿಡಿದು ಕೂತ. ನಳದ ಮಾತು ಬಂತು, ಸುನಂದಾಳ ಮಾತು ಬಂತು. ಅದಕ್ಕೂ ಮೊದಲು ದುರಗವ್ವ ತನ್ನ ತಾಯಿಯ ಬಗ್ಗೆ ಏನೋ ಹೇಳಿದ್ದಳು. ಯಾವುದೋ ಹೆರಿಗೆಯ ದಿನ, ಯಾರೋ ಗಾಡಿ ಹತ್ತಿಸಿಕೊಳ್ಳದೆ ಹೋದದ್ದು. ಎಷ್ಟು ಹಣೆ ತಿಕ್ಕಿಕೊಂಡರೂ ಮುಂದಿನದು ಬರಲಿಲ್ಲ. ಅವಳು ಅದನ್ನು ಹೇಳುವಾಗ ಇವನು ಮನಸ್ಸಿನಲ್ಲಿ ಚಂದದ ಇಂಗ್ಲಿಷ್ ಹೊಂದಿಸುತ್ತ ಕೂತಿದ್ದ. ಪರದೇಶದ ತಾಯಿಯ ಬೆಂಚು ಇಂಚಿಂಚೂ ನೆನಪಿತ್ತು. ಹೊಲದಲ್ಲಿ ದುಡಿಯುವವಳ ತಾಯಿಗೆ ಏನಾಯಿತೆಂದು ಗೊತ್ತಿರಲಿಲ್ಲ.

ಕೊನೆಗೆ ಹೊಸ ಹಾಳೆ ತೆಗೆದು ತಾನೇ ಹೇಳಬಹುದಾದ ಒಂದು ಮಾತನ್ನು ಬರೆದ. ನಮ್ಮ ಹಿತ್ತಲ ಗೋಡೆಯ ಮೇಲೆ ಇಪ್ಪತ್ತು ವರ್ಷ ದುರಗವ್ವನಿಗೆ ಬೇರೆ ಗ್ಲಾಸು ಇಟ್ಟಿದ್ದೆವು. ಕೆಳಗೆ ತನ್ನ ಹೆಸರು, ಊರಿನ ಹೆಸರು ಬರೆದು ಸಹಿ ಹಾಕಿ, ಜಿನೀವಾಕ್ಕೆ ಕಳಿಸು ಎಂದು ಮಗಳ ಕೈಗೆ ಕೊಟ್ಟ.