ಬಂಗಾರಮ್ಮ ಕಾಯಿಲೆಗೆ ಬಡಿಸದೆ ಬಿಟ್ಟದ್ದು

ಭದ್ರಾವತಿಯ ಹಳೇನಗರದಲ್ಲಿ ಮದುವೆ ಊಟವೆಂದರೆ ಬಡಿಸುವುದಕ್ಕೆ ಬಂಗಾರಮ್ಮ ಬರಬೇಕು. ಮೂವತ್ತು ವರ್ಷ ಸಾರಿನ ಬಕೆಟ್ಟು ಹಿಡಿದು ಅವಳ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ಯಾರು ನಾಲ್ಕು ಹೋಳಿಗೆ ತಿಂದು ಐದನೆಯದನ್ನು ಕರ್ಚೀಫಿನಲ್ಲಿ ಕಟ್ಟುತ್ತಾರೆಂದು ಮುಖ ನೋಡಿಯೇ ಹೇಳುವಳು. ಅಂಥವರು ಮೊದಲ ಪಂಕ್ತಿಯಲ್ಲಿ ಕೂತರೋ, ಹೋಳಿಗೆ ತಟ್ಟೆ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅನ್ನ, ಹುಳಿ, ಮತ್ತೆ ಅನ್ನ. ಅವರು ಬೇಸತ್ತು ಎದ್ದಮೇಲೆ ಎರಡನೇ ಪಂಕ್ತಿಯ ಮರ್ಯಾದಸ್ಥರಿಗೆ ಸಿಹಿ.

ಈ ವಿದ್ಯೆಯನ್ನು ಅವಳು ಗಂಡನ ಮೇಲೂ ನಡೆಸಿದಳು.

ಗಂಡ ಉಜ್ಜನಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ರಕ್ತದ ಕ್ಯಾನ್ಸರು ಒಮ್ಮೆ ಹೋಗಿ ತಿರುಗಿ ಬಂದಿತ್ತು. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಸ್ಪಂದನಾ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ನೋಡೀಮ್ಮಾ, ರೋಗದ ಕಣಗಳು ಸಿಕ್ಕಿದ್ದನ್ನೆಲ್ಲ ಗಬಗಬ ತಿಂತವೆ. ಮೈ ಕಾಯೋ ಕಣಗಳಿಗೆ ಏನೂ ಉಳಿಯಲ್ಲ. ಮೇಲೆ ಇವು ಹೊರಗೆ ಹಾಕೋ ಹುಳಿಯಿಂದ ಆ ಪಾಪದವು ಮಂಕಾಗಿ ಕೂತಿರ್ತವೆ. ಈ ಹೊಸ ಔಷಧ ರೋಗದ ಬಾಯಿ ಕಟ್ಟುತ್ತೆ. ಆಮೇಲೆ ಕಾಯೋರು ಎದ್ದು ಹೊಡೀಬೇಕು. ಇನ್ನೂ ಪರೀಕ್ಷೇಲಿರೋದು, ಖಂಡಿತ ವಾಸಿ ಅಂತ ಹೇಳಲ್ಲ. ಸೋಮವಾರ ಬನ್ನಿ. ತೂಕ ಮಾತ್ರ ಐವತ್ತೆರಡು ಕಿಲೋಗಿಂತ ಇಳೀಬಾರದು. ಇಳಿದ್ರೆ ಔಷಧ ಕೊಡೋ ಹಾಗಿಲ್ಲ."

ಬಂಗಾರಮ್ಮನಿಗೆ ಎಲ್ಲಾ ಅರ್ಥವಾಯಿತು. ಮೊದಲ ಪಂಕ್ತಿಯಲ್ಲಿ ಕರ್ಚೀಫಿನವರು ಕೂತಿದ್ದಾರೆ! ಮನೆಗೆ ಬಂದವಳೇ ಸಕ್ಕರೆ, ಬೆಲ್ಲ, ಬಾಳೆಹಣ್ಣನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದಳು. ವಾರವಿಡೀ ರಾಗಿ ಗಂಜಿ, ಬೇಯಿಸಿದ ಸೊಪ್ಪು.

"ಮಾರಾಯ್ತಿ, ಉಪವಾಸ ಕ್ಯಾನ್ಸರಿಗೋ ನನಗೋ?" ಎಂದ ಉಜ್ಜನಪ್ಪ.

"ಸುಮ್ನಿರ್ರೀ. ಅವು ಬೇಜಾರಾಗಿ ಎದ್ದು ಹೋಗ್ತವೆ."

ಸೋಮವಾರ ತಕ್ಕಡಿಯ ಮೇಲೆ ಉಜ್ಜನಪ್ಪ ನಿಂತರೆ ಐವತ್ತೂವರೆ. ಬಂಗಾರಮ್ಮ ಹತ್ತಿರ ಸರಿದಳು. ಸೆರಗು ಸರಿಮಾಡಿಕೊಳ್ಳುವವಳಂತೆ ಹಿಂದಿನಿಂದ ತನ್ನ ಪಾದವನ್ನೂ ತಕ್ಕಡಿಗೆ ಸೇರಿಸಿದಳು. ಅರವತ್ತೊಂದು!

ನರ್ಸ್ ಯೋಗೇಶ್ ಬಗ್ಗಿ ನೋಡಿದ. "ಅಮ್ಮಾ, ಯಜಮಾನರಿಗೆ ಮೂರು ಕಾಲಾ?"

ವಾರದ ಕಥೆ ಕೇಳಿ ಡಾಕ್ಟರ್ ಹಣೆ ಹಿಡಿದುಕೊಂಡರು. "ರೋಗದ ಬಾಯಿ ಕಟ್ಟೋದು ಔಷಧದ ಕೆಲಸ ಕಣಮ್ಮಾ. ನೀವು ಕಟ್ಟಿದ್ದು ಇವರ ಬಾಯಿ. ನೀವು ಬಡಿಸದೆ ಬಿಟ್ರೆ ರೋಗ ಇವರ ಮೈಯನ್ನೇ ಕರಗಿಸಿ ತಿನ್ನುತ್ತೆ. ಕಾಯೋ ಕಣಗಳೂ ಇವರ ಊಟದಲ್ಲೇ ಬದುಕಬೇಕಲ್ವಾ? ಇನ್ನೊಂದು ವಾರ ಕಾಯ್ತೀನಿ. ಆಮೇಲೆ ಪಟ್ಟಿಯಿಂದ ಹೆಸರು ತೆಗೀಬೇಕಾಗುತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ಬಂಗಾರಮ್ಮ ಲೆಕ್ಕ ಹಾಕಿದಳು. ಮನೆಯಲ್ಲಿ ಹೋಳಿಗೆ ಮಾಡಿಟ್ಟರೆ ಉಜ್ಜನಪ್ಪನಿಗೆ ಈಗ ಸೇರದು. ಬಾಯೆಲ್ಲ ಕಹಿ, ಎರಡು ತುತ್ತಿಗೆ ಸಾಕು.

ಮರುದಿನ ಅವಳು ಜರಿಸೀರೆ ಉಟ್ಟು, ಬಾಳೆಲೆ ಹಾಸಿ, ಮಂಚದ ಮುಂದೆ ಕೈ ಮುಗಿದು ನಿಂತಳು. "ಬೀಗ್ರೇ, ಕೈ ತೊಳ್ಕೊಳ್ಳಿ. ಎಲೆ ಹಾಕಿದೆ."

ಮಕ್ಕಳಿಲ್ಲದ ಉಜ್ಜನಪ್ಪ ಜನ್ಮದಲ್ಲಿ ಬೀಗನಾಗಿರಲಿಲ್ಲ. ಬೀಗರಿಗೆ ಬಡಿಸುವ ರೀತಿಯೇ ಬೇರೆ. ಅವರು ಬೇಡ ಎನ್ನಬೇಕು, ಬಡಿಸುವವರು ಬಿಡಬಾರದು. ಮೂರು ಸಲ ಕರೆಯುವವರೆಗೆ ಏಳದಿರುವುದು ಬೀಗರ ಹಕ್ಕು. ಆತ ನಾಲ್ಕು ಸಲ ಕರೆಸಿಕೊಂಡ.

"ತುಪ್ಪ ಎಲ್ರೀ? ಗಂಡಿನ ಕಡೇಯೋರಿಗೆ ಹಿಂಗಾ ಬಡಿಸೋದು?"

"ತಪ್ಪಾಯ್ತು ಬೀಗ್ರೇ." ಒಂದು ಸೌಟು ತುಪ್ಪ.

"ಇಷ್ಟು ಸಣ್ಣ ಹೋಳಿಗೇನಾ? ನಮ್ ಹುಡುಗನ್ನ ವಾಪಸ್ ಕರ್ಕೊಂಡ್ ಹೋಗ್ತೀನಿ!"

"ಅಯ್ಯೋ, ಮದುವೆ ಮುರೀಬೇಡ್ರಪ್ಪಾ!" ಇನ್ನೆರಡು.

ಹೊತ್ತುಹೊತ್ತಿಗೂ ಹೀಗೇ ನಡೆಯಿತು. ಗುರುವಾರ ಪಾಯಸ ನೀರಾಯಿತೆಂದು ಬೀಗರು ಮುನಿಸಿಕೊಂಡು ಬಚ್ಚಲಮನೆಗೆ ಹೋಗಿ ಕೂತರು. ಸಮಾಧಾನ ಮಾಡಲು ಎರಡು ಲೋಟ ಗಟ್ಟಿ ಪಾಯಸ ಬೇಕಾಯಿತು.

ಸೋಮವಾರ ಬಂತು. ಐವತ್ತೆರಡೂ ಕಾಲು.

ಹನಿಹನಿಯಾಗಿ ಔಷಧ ಇಳಿಯತೊಡಗಿತು. ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಎರಡು ತಿಂಗಳು ಬೇಕು, ಅಲ್ಲಿಯವರೆಗೂ ತೂಕ ಇಳಿಯಬಾರದು ಎಂದರು ಡಾಕ್ಟರ್.

ಉಜ್ಜನಪ್ಪ ಗಾಬರಿಯಾದ. "ಎರಡು ತಿಂಗಳು ಹೋಳಿಗೇನಾ? ಏ ಬಂಗಾರಿ, ರೋಗಕ್ಕಿಂತ ಮುಂಚೆ ನಾನೇ ಹೋಗ್ತೀನಿ ಬಿಡು."

"ಹೋಗೋರು ಊಟ ಮುಗಿಸ್ಕೊಂಡು ಹೋಗ್ಬೇಕು," ಎಂದು ಬಂಗಾರಮ್ಮ ಡಬ್ಬಿಯ ಮುಚ್ಚಳ ತೆಗೆದಳು.