ಮಾದಪ್ಪನ ಹದ

ಮೊನ್ನೆ ಭಾನುವಾರ ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟು, ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಮೈಮರೆತೆ. ಪಾಕ ತಳ ಹಿಡಿಯುವುದಕ್ಕೆ ತುಸು ಮುಂಚೆ ಒಂದು ವಾಸನೆ ಬರುತ್ತದೆ ನೋಡಿ, ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಸುಟ್ಟದ್ದೂ ಅಲ್ಲ, ಅದು ಬಂತು. ಓಡಿಹೋಗಿ ಒಲೆ ಆರಿಸಿದವಳು ಸೌಟು ಹಿಡಿದು ಅಲ್ಲೇ ನಿಂತುಬಿಟ್ಟೆ. ನಮ್ಮ ಮಾವನವರು ಹೊಗೆಸೊಪ್ಪಿಗೆ ಬೆಲ್ಲದ ನೀರು ಹಾಕುತ್ತಿದ್ದುದು ಸರಿಯಾಗಿ ಈ ಹದದಲ್ಲಿ.

ನಿಮಗೆ ವಿಚಿತ್ರ ಅನ್ನಿಸಬಹುದು. ನಂಜನಗೂಡಿನ ಲಿಂಗಾಯತರ ಮನೆ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಪೈಪು. ಅತ್ತೆಯವರಿಗೆ ಮದುವೆಯಾದಾಗಿನಿಂದ ಅದೇ ಕೊರಗು. ಮಾವ ಅಂಗಡಿಯ ಡಬ್ಬಿ ತಂದವರಲ್ಲ. ಹುಣಸೂರು ಕಡೆಯಿಂದ ಎಲೆ ತರಿಸಿ, ಹಿತ್ತಲಲ್ಲಿ ಕೂತು ತಾವೇ ಹದ ಕೂಡಿಸುತ್ತಿದ್ದರು. ನಡುನರ ಕಿತ್ತು, ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬೆಲ್ಲದ ನೀರು ಚಿಮುಕಿಸಿ, ಲವಂಗವೋ ಜ್ಯೇಷ್ಠಮಧುವೋ ಸೇರಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರುವುದು. ವಾರ ಬಿಟ್ಟು ಸಣ್ಣಗೆ ಹೆಚ್ಚಿ ಜಾಡಿಗೆ ತುಂಬುವುದು. ಒಮ್ಮೆ ಹಬೆಗೆಂದು ಇಡ್ಲಿ ಪಾತ್ರೆಯನ್ನೇ ಒಯ್ದಿದ್ದರು. ಅತ್ತೆ ಹುಣಸೆಹಣ್ಣು ಹಾಕಿ ಎಷ್ಟು ಸಲ ತಿಕ್ಕಿದರೂ ಆ ತಿಂಗಳೆಲ್ಲ ನಮ್ಮ ಮನೆಯ ಇಡ್ಲಿಗೆ ಒಂದು ಗಂಭೀರವಾದ ರುಚಿ ಇತ್ತು.

ಕೊರೊನಾ ಕಾಲದಲ್ಲಿ ಮನೆಮಂದಿಗೆಲ್ಲ ಜ್ವರ ಬಂತು. ವಾಸನೆ ಎಲ್ಲರಿಗೂ ಹೋಯಿತು, ಎಲ್ಲರಿಗೂ ವಾಪಸ್ಸು ಬಂತು, ಮಾವನವರಿಗೆ ಮಾತ್ರ ಬರಲಿಲ್ಲ. ಎರಡು ತಿಂಗಳು ಕಾದರು. ಆಮೇಲೊಂದು ಮಧ್ಯಾಹ್ನ ನನ್ನನ್ನು ಹಿತ್ತಲಿಗೆ ಕರೆದರು.

"ನಿನ್ನ ಮೂಗು ಒಂದೀಟು ಎರವಲು ಕೊಡವ್ವ."

ನಾನು ವಿಜ್ಞಾನದ ಟೀಚರು. ಆದರೆ ನಮ್ಮ ಮನೆಯಲ್ಲಿ ನನಗೆ ಗೌರವ ಇರುವುದು ವಿಜ್ಞಾನಕ್ಕಲ್ಲ, ನಾಳೆ ಒಡೆಯುವ ಹಾಲನ್ನು ಇವತ್ತೇ ಮೂಸಿ ಹೇಳುವ ಮೂಗಿಗೆ. ಹೆಮ್ಮೆಯಿಂದಲೇ ಹೋಗಿ ಕೂತೆ.

"ನಂಗೆ ಒಂದೇ ಒಂದು ಹದ ಬೇಕು. ಮಾದಪ್ಪಂದು" ಅಂದರು.

ಹೆಮ್ಮಿಗೆಯ ಮಾದಪ್ಪ ಮಾವನವರ ಹರೆಯದ ಗೆಳೆಯ. ಇಬ್ಬರೂ ಹುಣಸೂರಿನ ಹತ್ತಿರ ಒಬ್ಬ ದೊಡ್ಡ ಬೆಳೆಗಾರರ ತೋಟದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಪಾಳಿಯ ಮೇಲೆ ಬೆಂಕಿ ಕಾಯುತ್ತಿದ್ದವರು. ಯಜಮಾನರು ಬಿಸಾಕಿದ ಹಳೇ ಪೈಪಿಗೆ ಮಾದಪ್ಪ ಉದುರಿದ ಎಲೆ, ಬೆಲ್ಲ, ಇನ್ನೂ ಏನೇನೋ ಸೇರಿಸಿ ಒಂದು ಹದ ಮಾಡುತ್ತಿದ್ದನಂತೆ. ಇಬ್ಬರೂ ಒಂದೇ ಪೈಪು ಸೇದುತ್ತಿದ್ದರಂತೆ. ಒಂದು ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಮಾವ ಹೋಗಲಿಲ್ಲ. ಎರಡು ದಿನದಿಂದ ನಿದ್ದೆಗೆಟ್ಟಿದ್ದ ಮಾದಪ್ಪ ಒಬ್ಬನೇ ಉಳಿದ. ಬ್ಯಾರನ್ನಿಗೆ ಬೆಂಕಿ ಬಿತ್ತು. ಅವನು ಹೊರಗೆ ಬರಲಿಲ್ಲ.

ಇದನ್ನು ನನಗೆ ಹೇಳಿದ್ದು ಅತ್ತೆ. "ಆವತ್ತು ಇವರಿಗೆ ಮೈ ಸುಡೋ ಜ್ವರ ಕಣೆ. ಇಲ್ದಿದ್ರೆ ಇವರೂ ಬೆಂದೋಗ್ತಿದ್ರು." ಆ ಜ್ವರ ಕಳಿಸಿದ ನಂಜುಂಡಪ್ಪನಿಗೆ ಅತ್ತೆ ಸೋಮವಾರ ಸೋಮವಾರ ದೀಪ ಹಚ್ಚುತ್ತಾರೆ, ಇವತ್ತಿಗೂ.

"ಮಾವ, ನಾನು ಆ ವಾಸನೇನೇ ನೋಡಿಲ್ವಲ್ಲ, ಹೆಂಗೆ ಹೇಳ್ಲಿ?" ಅಂದೆ.

"ಬಂದಾಗ ನಿಂಗೇ ಗೊತ್ತಾಯ್ತದೆ."

ತಿಂಗಳುಗಟ್ಟಲೆ ನಡೆಯಿತು. ಕಾಫಿ ಡಿಕಾಕ್ಷನ್, ಕಿತ್ತಲೆ ಸಿಪ್ಪೆ, ಒಣಗಿಸಿದ ರಸಬಾಳೆ, ಎಲ್ಲ ಆಯಿತು. ನಾನು ಮೂಸಿ "ಹುಳಿ ಜಾಸ್ತಿ", "ಘಾಟು" ಅನ್ನುವುದು, ಅವರು ಪುಸ್ತಕದಲ್ಲಿ ಬರೆದುಕೊಳ್ಳುವುದು. ಬರಬರುತ್ತಾ ನನಗೊಂದು ಇರುಸುಮುರುಸು ಶುರುವಾಯಿತು. ಜಾಡಿ ಮುಚ್ಚುವಾಗ ಅವರು ಬಚ್ಚಲ ಗೋಡೆಯ ಕಡೆ ತಿರುಗಿ "ಏನ್ಲಾ, ಇನ್ನೂ ದೂರ ಐತಾ?" ಅನ್ನುತ್ತಿದ್ದರು. ಅನ್ನುತ್ತಿದ್ದುದು ತಮಾಷೆಗಲ್ಲ. ಅಂದಮೇಲೆ ಉತ್ತರಕ್ಕೆ ಕಾಯುತ್ತಿದ್ದರು.

ಒಂದು ದಿನ ಶಾಲೆಯಿಂದ ಬಂದವಳ ಮುಂದೆ ಹೊಸ ಜಾಡಿ ಹಿಡಿದರು. ಮೂಸಿದೆ. ಬೆಲ್ಲ ಇತ್ತು, ನೆನೆದ ಕಂಬಳಿಯಂಥದ್ದು ಏನೋ ಇತ್ತು. ಅದರ ಕೆಳಗೆ ಬೆವರು ಇತ್ತು, ಮನುಷ್ಯರ ಬೆವರು. ಬೆನ್ನ ಹಿಂದೆ ಯಾರೋ ಬಂದು ಕೂತ ಹಾಗಾಗಿ ತಟಕ್ಕನೆ ತಿರುಗಿದೆ. ಒಗೆಯುವ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಯಾಕೆ ತಿರುಗ್ದೆ?" ಮಾವನವರ ದನಿ ಬಲು ಸಣ್ಣಗಿತ್ತು.

"ಯಾರೋ ಬಂದಂಗಾಯ್ತು."

ಅವರು ಜಾಡಿಯ ಮುಚ್ಚಳ ಹಾಕಿದರು. "ಇದೇ. ಇದೇ ಕಣವ್ವ." ಅದಕ್ಕೆ ಏನು ಸೇರಿಸಿದ್ದರೋ ಹೇಳಲಿಲ್ಲ. ಪುಸ್ತಕದ ಆ ಹಾಳೆಯೂ ಖಾಲಿ.

ಮಾರನೇ ವಾರ ನನ್ನನ್ನು ಜೊತೆಗೆ ಕರೆದುಕೊಂಡು ಹೆಮ್ಮಿಗೆಗೆ ಹೊರಟರು. ಮಾದಪ್ಪ ಸತ್ತ ಮೇಲೆ ಒಂದು ಸಲವೂ ಆ ಊರಿಗೆ ಹೋದವರಲ್ಲ. ನರಸೀಪುರದಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ದಾರಿಯುದ್ದಕ್ಕೂ ಜಾಡಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದಿದ್ದರು.

ಮಾದಪ್ಪನ ಹೆಂಡತಿ ಪುಟ್ಟತಾಯಮ್ಮನಿಗೆ ಎರಡೂ ಕಣ್ಣಿಗೆ ಪೊರೆ. "ಯಾರೋ ಏನೋ, ಕುಂತ್ಕಳಿ" ಅಂದು ಒಳಗೆ ಪಾತ್ರೆ ತೊಳೆಯಲು ಹೋದಳು. ಮಾವ ತಾವು ಯಾರೆಂದು ಹೇಳಲೇ ಇಲ್ಲ. ಜಗಲಿಯ ಮೇಲೆ ಕೂತು ಪೈಪು ತುಂಬಿ ಹಚ್ಚಿದರು. ಹೊಗೆ ಬಾಗಿಲಿನೊಳಗೆ ಹೋಯಿತು. ಒಳಗೆ ಪಾತ್ರೆಯ ಸದ್ದು ನಿಂತಿತು.

ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನಮ್ಮ ಕಡೆ ನೋಡಲಿಲ್ಲ. ಜಗಲಿಯ ಆ ತುದಿಯಲ್ಲಿ, ಕಂಬದ ಹತ್ತಿರ ಖಾಲಿ ಜಾಗದ ಕಡೆ ಮುಖ ಮಾಡಿ, "ಈಗ ಬಂದ್ರಾ? ಇಸ್ಟೊತ್ತು ಬೇಕಾಯ್ತಾ?" ಅಂದಳು. ಆಮೇಲೆ ತಲೆ ಓರೆ ಮಾಡಿ ಏನನ್ನೋ ಕೇಳಿಸಿಕೊಂಡಳು. ಊಂ, ಊಂ ಅಂದಳು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರು ಹೋಗುತ್ತಿತ್ತು.

ಆಕೆ ಮಾವನವರ ಕಡೆ ತಿರುಗಿದಳು. "ನೀನು ಇವ್ರ ಜೊತೆಗಿದ್ದೋನಲ್ವಾ. ಆವತ್ತು ನಿಂಗೆ ಜರ ಇರ್ನಿಲ್ವಂತೆ. ಪಿಚ್ಚರ್‌ಗೆ ಓಗಿದ್ಯಂತೆ."

ಮಾವ ಬಾಯಿಂದ ಪೈಪು ತೆಗೆದರು. "ಯಾರಕ್ಕ ಏಳಿದ್ದು?"

"ಇಲ್ಲೇ ಕುಂತವ್ರಲ್ಲ, ನೀನೇ ಕೇಳು." ಮತ್ತೆ ಕಿವಿಗೊಟ್ಟಳು. ಸಣ್ಣಗೆ ನಕ್ಕಳು. "ಬೇಜಾರಿಲ್ವಂತೆ. ಪಿಚ್ಚರ್ ಚೆಂದಾಗಿತ್ತಾ ಅಂತವ್ರೆ."

ಮಾವ ಪೈಪನ್ನು ಜಗಲಿಯ ಮೇಲಿಟ್ಟರು. ಆಮೇಲೆ ಆ ಕಂಬದ ಕಡೆ ತಿರುಗಿ ಹೇಳಿದರು. "ಅರ್ಧಕ್ಕೇ ಎದ್ದು ಬಂದೆ ಕಣ್ಲಾ. ಬರೋದ್ರೊಳಗೆ ಒತ್ತಾಗೋಗಿತ್ತು."

ಜಾಡಿಯನ್ನೂ ಪೈಪನ್ನೂ ಅಲ್ಲೇ ಬಿಟ್ಟು ಬಂದರು. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಐವತ್ತು ವರ್ಸ ಆಯ್ತು, ಒಬ್ರಿಗೂ ಏಳಿಲ್ಲ. ನಿಮ್ಮತ್ತೆಗೂ ಇಲ್ಲ. ಏಳ್ಬೇಡ ಕಣವ್ವ" ಅಂದರು. ನಾನು ಹೇಳಿಲ್ಲ. ನನ್ನ ವಿಜ್ಞಾನ ಆ ರಾತ್ರಿಯೇ ಒಂದು ಸಮಾಧಾನ ಕಂಡುಕೊಂಡಿತು: ಸಿನಿಮಾ ಟೆಂಟಿನಲ್ಲಿ ಅವರನ್ನು ಯಾರೋ ಕಂಡಿರಬೇಕು, ಮಾತು ಊರಿಂದ ಊರಿಗೆ ಬಂದಿರಬೇಕು, ಆಕೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿರಬೇಕು. ಆಗಿರಬಹುದಲ್ಲವೇ? ನೀವೂ ಹಾಗೇ ಅಂದುಕೊಳ್ಳಿ.

ಆಮೇಲೆ ಮಾವ ಹೊಗೆಸೊಪ್ಪು ಮುಟ್ಟಲಿಲ್ಲ. ವಾಸನೆಯೂ ಅವರಿಗೆ ಬರಲಿಲ್ಲ. ಹೋದ ಮಾಗಿಯಲ್ಲಿ ತೀರಿಕೊಂಡರು. ಎಲ್ಲರಿಗೂ ಹೇಳಿ ಕಳಿಸಿದೆವು, ಹೆಮ್ಮಿಗೆಗೆ ಮಾತ್ರ ಹೇಳಿರಲಿಲ್ಲ. ಆ ಜಗಲಿಯಲ್ಲಿ ನಡೆದದ್ದು ಗೊತ್ತಿದ್ದವಳು ನಾನೊಬ್ಬಳೇ, ನನಗೇ ಧೈರ್ಯ ಸಾಲಲಿಲ್ಲ.

ಮೊನ್ನೆ ಪಾಕ ಇಳಿಸಿದವಳು ಸೀರೆ ಬದಲಾಯಿಸಿ ಹನ್ನೊಂದರ ಬಸ್ಸು ಹತ್ತಿದೆ. ಪುಟ್ಟತಾಯಮ್ಮ ಜಗಲಿಯ ಮೇಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ದನಿಯಲ್ಲೇ ನನ್ನ ಗುರುತು ಹಿಡಿದಳು. ಪಕ್ಕದಲ್ಲಿ ಕೂತು, "ಅಜ್ಜಿ, ನಮ್ಮ ಮಾವ..." ಎಂದು ಶುರುಮಾಡಿದೆ.

"ಗೊತ್ತು ಕಣವ್ವ" ಅಂದಳು, ಕೈಯ ಕೆಲಸ ನಿಲ್ಲಿಸದೆ. "ಬೆಳಗ್ಗಿಂದ ಇಬ್ರೂ ಇಲ್ಲೇ ಅವ್ರೆ. ಒಂಚೂರು ಈ ಕಡೀಕೆ ಬಾ, ನಿಮ್ಮಾವಂಗೆ ಕಾಲು ನೀಡಾಕೆ ಜಾಗ ಸಾಲ್ದು."

ಎದ್ದು ಬಂದುಬಿಡಬಹುದಿತ್ತು. ವಯಸ್ಸಾದವರ ಮಾತು ಎಂದು ನಗಬಹುದಿತ್ತು. ನಾನು ಸೆರಗು ಎಳೆದುಕೊಂಡು, ತಲೆ ತಗ್ಗಿಸಿ, ಸರಿದು ಕೂತೆ.